ಕ್ರಮಾಂಕ ೧೧೭

ಹೊಳೆಬಸು ಮೊಬೈಲು ಹಿಡಿದು ಅಂದ,
'ಮಾಮಾ, ಬೆಳಕಿಗೆ ತುಸು ವಾರೆ ಮಾಡು.'
ಬಾಟಲಿ ತಿರುಗಿಸಿದೆ.
ಮೂವತ್ತೇಳು ವರ್ಷ ಶನಿವಾರಕ್ಕೊಮ್ಮೆ ಒರೆಸಿದ ಗಾಜು,
ಅದಕ್ಕ ನನ್ನ ಹೆಬ್ಬೆರಳಿನ ಗುರ್ತು ಐತಿ.

ಪ್ರಾಣಿಶಾಸ್ತ್ರಕ್ಕ ಈಗ ಹುಡುಗರಿಲ್ಲ.
ಖೋಲಿ ಕಂಪ್ಯೂಟರಿಗೆ ಬೇಕಂತ.
'ಆ ಉಪ್ಪಿನಕಾಯಿ ಎಲ್ಲಾ ತೆಗೀರಿ' ಅಂದರಂತ ಪ್ರಿನ್ಸಿಪಾಲರು.
ಹೊಳೆಬಸು ಹೇಳಿ ನಕ್ಕ. ನಾನೂ ನಕ್ಕೆ.
ನನ್ನ ಜಾಗಾಕ್ಕ ಬಂದ ಹಂಗಾಮಿ ಸಿಪಾಯಿ,
ಐದು ತಿಂಗಳಿಂದ ಪಗಾರ ಇಲ್ಲ ಅವಗ.

ಹಳೇ ಬಾಗಲಕೋಟಿ ಮುಳುಗೋ ಮುಂದ
ಟ್ರ್ಯಾಕ್ಟರಿನ್ಯಾಗ ಕಣಕಿ ಹಾಸಿ
ಇವನ್ನೆಲ್ಲಾ ನವನಗರಕ್ಕ ತಂದವ ನಾ.
ಜನಕ್ಕ ಪರಿಹಾರ, ಮನಿಗೆ ಸೆಕ್ಟರ್ ನಂಬರು,
ಇವಕ್ಕ ಹೊಸಾ ಫಾರ್ಮಾಲಿನ್.
ಒಡದದ್ದು ಒಂದೇ, ಮಂಡಲದ ಹಾವಿಂದು.
ಟ್ರ್ಯಾಕ್ಟರಿನವ ಎರಡು ದಿನ ಉಣಲಿಲ್ಲ.

'ಅಪರೂಪದ ಹಳೇ ಶೈಕ್ಷಣಿಕ ಸಾಮಾನು' ಅಂತ ಬರದು
ಹೊಳೆಬಸು ಫೋಟೋ ಬಿಟ್ಟ.
ಸಂಜಿಗೆ ಫೋನು ಮೇಜಿನ ಮ್ಯಾಲ ಥರಾಥರಾ.
ಒಬ್ಬಗ ನಕ್ಷತ್ರ ಆಮೆಯ ಚಿಪ್ಪು ಬೇಕು,
ಒಬ್ಬಾಂವ ಚಿಪ್ಪುಹಂದಿಯ ತೂಕ ಕೇಳ್ಯಾನ.
ನೂರಾ ಹದಿನೇಳಕ್ಕ, ಕಾಡುಪಾಪಕ್ಕ,
ಹೆಸರಿಲ್ಲದಾಂವ, ಮುಖ ಇಲ್ಲದಾಂವ ಬರದಿದ್ದ:
ಕಣ್ಣು ಎರಡೂ ಸರಿ ಅದಾವೇನು?
ಉಳದದ್ದು ಬ್ಯಾಡ. ಕಣ್ಣು ಸಾಕು.
ಅಮಾಸಿ ಒಳಗ ಮುಟ್ಟಬೇಕು.

ಹೊಳೆಬಸು ರೇಟು ಟೈಪು ಮಾಡಿದ, ಅಳಿಸಿದ.
ಮತ್ತ ಟೈಪು ಮಾಡಿದ.
ನಾ ಬ್ಯಾಡ ಅನ್ನಲಿಲ್ಲ.
ಇದನ್ನ ಬರಕೋರಿ: ನಾ ಬ್ಯಾಡ ಅನ್ನಲಿಲ್ಲ.

ಎಂಬತ್ತಾರು ಇಸ್ವಿ. ಖಾನಾಪುರದ ಕಟಗಿ ಲಾರಿ,
ಡ್ರೈವರನ ಸೀಟಿನ ಕೆಳಗ ಸಕ್ಕರಿ ಚೀಲ.
ಹದಿನೈದು ರೂಪಾಯಿ ಕೊಟ್ಟರು ಜಹಗೀರದಾರ ಸರ್,
'ಹಿಡಕೋ ಗದಿಗೆಪ್ಪ' ಅಂದರು.
ಹಿಡಕೊಂಡೆ.
ಅದೂ ನನ್ನ ಹಿಡಕೊಂತು,
ಎರಡೂ ಕೈಯಿಂದ, ಈ ಕಿರಿಬೆರಳ.
ಮನ್ಯಾಗ ನನ್ನ ಮಗಳಿಗೆ ಆಗ ಹನ್ನೊಂದು ದಿನ,
ಅಕಿನೂ ಹಿಂಗ ಹಿಡೀತಿದ್ದಳು.
ಅರಳಿಯೊಳಗ ಕ್ಲೋರೊಫಾರ್ಮ್, ಸಿಹಿ ವಾಸನಿ.
ಕಣ್ಣು ಮುಚ್ಚಲಿಲ್ಲ ಅದು.
ಉಸಿರು ನಿಂತ ಮ್ಯಾಲೂ ಹಿಡತ ಬಿಡಲಿಲ್ಲ,
ಒಂದೊಂದ ಬೆರಳು ಬಿಡಿಸಬೇಕಾತು ನಾನು,
ಗಂಟು ಬಿಚ್ಚಿದ್ಹಂಗ.

ಸರ್ ಶಾಯಿ ಪೆನ್ನಿನಿಂದ ದುಂಡಗ ಬರದರು:
'೧೧೭. ಕಾಡುಪಾಪ. ರಸ್ತೆ ಬದಿ ಸತ್ತು ಬಿದ್ದದ್ದು.'
'ಕಾಯ್ದೆ ಐತಿ, ಹಿಂಗ ಇದ್ದರ ಛಲೋ.'
ಒಳ್ಳೆ ಮನಶಾ. ಅವರ ಕಡೆ ಕಲತವರು
ಈಗ ಡಾಕ್ಟರು ಅದಾರ, ದನದ ಡಾಕ್ಟರೂ.

ಮೂರನೇ ದಿನ ಬಂದಾಕಿ ಖಾಕಿ ಹಾಕಿರಲಿಲ್ಲ.
ಶಮೀಮಾ ಮೇಡಂ, ಅರಣ್ಯ ಇಲಾಖೆ.
ಆಮೆ ಚಿಪ್ಪು ಕೇಳಿದ ಗಿರಾಕಿ ಅವರ ಕಡೇವರಂತ.
'ಮತ್ತ ಕಣ್ಣು ಕೇಳಿದಾಂವ?'
'ಅಂವ ನಮ್ಮಾಂವಲ್ಲ' ಅಂದರು. 'ಅಂವನ್ನ ಹುಡುಕಾಕ್ಹತ್ತೀವಿ.'

'ಮಾರಿಲ್ಲರಿ, ದುಡ್ಡು ಮುಟ್ಟಿಲ್ಲ,' ಹೊಳೆಬಸು ಬೆವತಿದ್ದ.
'ಮಾರತೀನಿ ಅಂತ ತೋರಿಸಿದ್ದೂ ತಪ್ಪ ತಮ್ಮಾ.
ಸತ್ತು ನಲವತ್ತು ವರ್ಷ ಆಗಿರಲಿ,
ಕಾಯ್ದೆದಾಗ ಅದಕ್ಕ ವಯಸ್ಸಾಗೂದಿಲ್ಲ.'

ದಾಖಲಾತಿ ಪುಸ್ತಕ ತೆಗೆದರು. ಗೆದ್ದಲು ತಿಂದು ಉಳದ ಪುಟ.
ನೂರಾ ಹದಿನೇಳರ ಮ್ಯಾಲ ಬೆರಳಿಟ್ಟು ಕೇಳಿದರು,
'ಸತ್ತದ್ದು ಸಿಕ್ಕಿತ್ತಂತ. ಖರೇನು?'

ಮೇಜಿನ ಕೆಳಗ ಹೊಳೆಬಸು ನನ್ನ ಕಾಲು ಒತ್ತಿದ.
ಸರ್ ತೀರಿಕೊಂಡು ಒಂಬತ್ತು ವರ್ಷ,
ಕೇಳವರು ಯಾರೂ ಇಲ್ಲ.
ಯಾರಿಟ್ಟರೋ ಆ ಹೆಸರು,
ಕೂಸಿಗೂ ಪಾಪ ಅಂತೀವಿ, ಮಾಡಿದ್ದಕ್ಕೂ ಪಾಪ ಅಂತೀವಿ,
ಕಡೀಕ ಅಯ್ಯೋ ಅನ್ನಾಕೂ ಅದ ಮಾತು.

ಕಿರಿಬೆರಳು ಮಡಚಿಕೊಂಡೆ.
'ಬರಕೋರಿ ಮೇಡಂ' ಅಂದೆ.
'ತೂಕ ಪಾವು ಕಿಲೋನೂ ಇರಲಿಲ್ಲ.
ಉಸಿರಿತ್ತು.'