ತಲೆ ಎಣಿಕೆ

ಕೇತಾಂಬೆಯಲ್ಲಿ ಬಸ್ಸಿಳಿದಾಗ ನಾವು ನಾಲ್ವರು:
ಚಿಲಿಯ ಶಿಮೇನಾ, ಪೋಲೆಂಡಿನ ಉದ್ದ ಕಾಲಿನ ಯಾರೆಕ್,
ಸೆಬುವಿನ ದಂತವೈದ್ಯೆ ಲಿಗಾಯಾ, ನಾನು.
ಮೇದಾನಿನ ಹಾಸ್ಟೆಲಿನ ಒಂಟಿ ಫ್ಯಾನಿನ ಕೆಳಗೆ
ಒಂಬತ್ತು ದಿನದ ಹಿಂದೆ ಹುಟ್ಟಿದ ಗೆಳೆತನ,
ಆಗಲೇ ಯಾರ ಸಾಬೂನು ಯಾರದೆಂದು ಗೊತ್ತಿರಲಿಲ್ಲ.

ದಾರಿ ತೋರಿಸುವವನು ರಬುದಿನ್.
ಅವನನ್ನೂ ಸೇರಿಸಿ ಐದು ಅಂದುಕೊಂಡೆವು,
ಐದು ಚಾಕಲೇಟು ಕೊಂಡೆವು.

ಕಾಡು ಅಂದರೆ ಮೊದಲು ಬರೀ ಸೆಖೆ.
ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟ ಹೆಸರುಕಾಳಿನ ಹಾಗೆ
ಬೆವರಿ, ಊದಿ, ಒಬ್ಬರಿಗೊಬ್ಬರು ಒತ್ತಿಕೊಂಡು ನಡೆದೆವು.
ಬೇರು ಹಿಡಿದು ಹತ್ತಿದೆವು, ಬೇರು ತುಳಿದು ಜಾರಿದೆವು.
ಕಾಲುಚೀಲದೊಳಗೆ ಇಂಬಳಗಳು
ಸದ್ದಿಲ್ಲದೆ ಊಟಕ್ಕೆ ಕೂತಿದ್ದವು.
ಒಂದು ತಿರುವಿನಲ್ಲಿ ಕಾಲು ತಪ್ಪಿದಾಗ
ಹಿಂದಿನಿಂದ ಒಂದು ಕೈ ನನ್ನ ತೋಳು ಹಿಡಿಯಿತು.
ಮುಂದೆ ಹೋಗುತ್ತಿದ್ದ ರಬುದಿನನಿಗೆ ಥ್ಯಾಂಕ್ಸ್ ಅಂದೆ.

ಒರಾಂಗುಟಾನ್ ಎಲ್ಲಿ ಎಂದು ಯಾರೆಕ್ ಹನ್ನೊಂದು ಸಲ ಕೇಳಿದ.
ಕಂಡದ್ದು ಅದು ಕೊಂಬೆ ಮುರಿದು ಹಾಸಿಕೊಂಡ ಹಾಸಿಗೆ,
ನಿನ್ನೆಯದು, ಖಾಲಿ.
'ಅದಕ್ಕೂ ದಿನಕ್ಕೊಂದು ಮನೆ, ನಿಮ್ಮ ಹಾಗೆ'
ಅಂದ ರಬುದಿನ್. ನಗಲಿಲ್ಲ.

ಹೊಳೆ ದಂಡೆ ಮುಟ್ಟಿದಾಗ ಹೊತ್ತು ಮುಳುಗಿತ್ತು.
ತಾಡಪಾಲು ಕಟ್ಟಲಾಗಿತ್ತು,
ಅನ್ನ ಬೇಯಿಸಲಾಗಿತ್ತು,
ಶುಂಠಿ ಜಜ್ಜಿ ಚಹಾ ಕುದಿಸಲಾಗಿತ್ತು.
ಕರ್ಮಣಿ ಪ್ರಯೋಗದಲ್ಲೇ ಹೊಟ್ಟೆ ತುಂಬಿಸಿಕೊಂಡೆವು.

ಆಮೇಲೆ ಇಸ್ಪೀಟು. ಸೋತವರ ಮೂಗಿಗೆ ಪಾತ್ರೆಯ ಮಸಿ.
ಯಾರೆಕ್ ಎಷ್ಟು ಸೋತನೆಂದರೆ
ಹಲ್ಲು ಮಾತ್ರ ಉಳಿದಿತ್ತು.
ಹುಲಿ ಇದೆಯಾ, ಕೇಳಿದಳು ಲಿಗಾಯಾ.
ರಬುದಿನ್ ತುಟಿಯ ಮೇಲೆ ಬೆರಳಿಟ್ಟ:
ಇಲ್ಲಿ ಹೆಸರೆತ್ತಬಾರದು, 'ನೆನೆಕ್' ಅನ್ನಬೇಕು,
ಮನೆಯ ಹಿರಿಯರನ್ನು ಅಂದ ಹಾಗೆ.
ಉಳಿದವರು ಬೆಪ್ಪಾದರು. ನಾನು ತಲೆಯಾಡಿಸಿದೆ,
ದೀಪ ಹಚ್ಚಿದ ಮೇಲೆ ಹಾವನ್ನು ಹುಳ ಅಂದ ಬಾಯಿ ನನ್ನದು.

'ಟಾರ್ಚು ಆರಿಸಿ.'

ಆರಿಸಿದೆವು.
ಕತ್ತಲೆ ಎಂಬ ಮಾತನ್ನು ಈವರೆಗೆ
ಚಿಲ್ಲರೆಯಂತೆ ಖರ್ಚು ಮಾಡಿದ್ದೆ ಅನಿಸಿತು.
ಕಣ್ಣು ಮುಚ್ಚಿದರೂ ಅದೇ, ತೆರೆದರೂ ಅದೇ.
ಕಪ್ಪೆಗಳು, ಹೊಳೆ, ಎಲೆಯಿಂದ ಎಲೆಗೆ ಹನಿ,
ಎಲ್ಲೋ ಒಂದು ಕೊಂಬೆ ತನ್ನಷ್ಟಕ್ಕೆ ಬಿದ್ದ ಸದ್ದು.
ನನ್ನ ಕೈ ನನಗೇ ಊಹೆ.

ಶಿಮೇನಾಳ ದನಿ ನಡುಗಿತು: ಎಣಿಸೋಣ,
ಎಲ್ಲರೂ ಇದ್ದೀವಾ ನೋಡೋಣ, ಅವರವರ ಮಾತಲ್ಲಿ.
ಉನೋ, ಅಂದಳು.
ದ್ವಾ, ಅಂದ ಮಸಿಮುಖದವನು.
ತುಲೋ.
ನಾಲ್ಕು, ಅಂದೆ ನಾನು, ಮಗ್ಗಿ ಒಪ್ಪಿಸುವವಳಂತೆ.
ಲಿಮಾ, ಅಂದ ರಬುದಿನ್.

ಮುಗಿಯಿತು ಎನ್ನುವಷ್ಟರಲ್ಲಿ
ನೀರಿನ ಕಡೆಯಿಂದ, ಮೆತ್ತಗೆ:

ಎನಮ್.

ಆರು.

ಶಿಮೇನಾಳ ಉಗುರು ನನ್ನ ಮಣಿಕಟ್ಟಿನಲ್ಲಿ ನಾಟಿತು.
ಕಪ್ಪೆಗಳೂ ಸುಮ್ಮನಾದವು ಅಂದರೆ ಸುಳ್ಳು, ಅವು ಕೂಗುತ್ತಲೇ ಇದ್ದವು.
ಆ ದಿನ ಮೊದಲ ಬಾರಿ ರಬುದಿನ್ ನಕ್ಕ,
ಕೆಮ್ಮು ಬರುವವರೆಗೆ ನಕ್ಕ.
ಟಾರ್ಚು ಬೆಳಗಿದರೆ
ಹವಾಯಿ ಚಪ್ಪಲಿಯ ಹುಡುಗನೊಬ್ಬ ಕುಕ್ಕರಗಾಲಲ್ಲಿ ಕೂತು
ಮರಳು ಹಾಕಿ ನಮ್ಮ ತಟ್ಟೆ ಉಜ್ಜುತ್ತಿದ್ದ.

ಸಾಹಿದಿನ್. ರಬುದಿನನ ತಂಗಿಯ ಮಗ, ಹದಿನೇಳು.
ಬೆಳಗಿನಿಂದ ಅಕ್ಕಿ, ಪಾತ್ರೆ, ತಾಡಪಾಲು ಹೊತ್ತು
ನಮ್ಮ ಹಿಂದೆ ನಡೆದವನು,
ಕೊನೆಯ ಏರಿನಲ್ಲಿ ನಮ್ಮನ್ನು ದಾಟಿಕೊಂಡು ಹೋದವನು.
ದಾಟಿದ್ದು ಯಾರಿಗೂ ನೆನಪಿಲ್ಲ.
ಐದು ಚಾಕಲೇಟೂ ಮುಗಿದಿದ್ದವು.

ಬೆಳಿಗ್ಗೆ ಮಂಜಿನಲ್ಲಿ ಲಿಗಾಯಾ ಅವನ ಬಾಯಿ ತೆರೆಸಿ
ಎಡದವಡೆಯ ಹುಳುಕು ನೋಡಿದಳು,
ತನ್ನ ಲವಂಗದೆಣ್ಣೆಯ ಸೀಸೆ ಕೊಟ್ಟಳು.
ಯಾರೆಕ್ ಪಾತ್ರೆ ಹೊರಲು ಹೋಗಿ
ಇಪ್ಪತ್ತು ಹೆಜ್ಜೆಗೆ ಕೆಳಗಿಟ್ಟ.
ನಾನು? ನಾನು ಫೋಟೋ ತೆಗೆಯೋಣ ಅಂದೆ,
ಎಲ್ಲರೂ ಬನ್ನಿ, ಎಲ್ಲರೂ ಅಂದೆ,
ಅಂದು, ಫೋನನ್ನು ಅವನ ಕೈಗೆ ಕೊಟ್ಟೆ.

ಚಿತ್ರದಲ್ಲಿ ನಾವು ಐವರು. ಹಿಂದೆ ಹೊಳೆ.
ಬಲ ಮೂಲೆಯಲ್ಲಿ ಮಸುಕಾಗಿ, ಕಂದಾಗಿ
ಅವನ ಬೆರಳಿನ ಅಂಚು.
ಯಾರಿಗಾದರೂ ತೋರಿಸುವಾಗ
ನನ್ನ ಬೆರಳನ್ನು ಅದರ ಮೇಲಿಡುತ್ತೇನೆ.
ಚಿತ್ರ ಹಿಗ್ಗುತ್ತದೆ, ನಾವು ಒಬ್ಬೊಬ್ಬರಾಗಿ ಹೊರಗೆ ಸರಿಯುತ್ತೇವೆ,
ಪರದೆ ತುಂಬ ಬರೀ ಕಂದುಬಣ್ಣ.
'ಇದೇನು?' ಅನ್ನುತ್ತಾರೆ.