ಓಗೊಟ್ಟವರ ಪಟ್ಟಿ

ದುರ್ಗಿಗುಡಿಯಲ್ಲಿ ಮೂರನೇ ಮಹಡಿ, ಕೆಳಗೆ ಕನ್ನಡಕದಂಗಡಿ.
ಬಸ್ಸಿನ ಟಿಕೆಟ್ ಮಿಷನ್ನಿಗೆ ಬುದ್ಧಿ ತುಂಬುವ ಕೆಲಸ ನಮ್ಮದು;
ನಾನು, ಫರ್ಜಾನಾ,
ಮತ್ತೆ ಮನಸ್ಸು ಬಂದಾಗ ಮಾತ್ರ ತಿರುಗುವ ಒಂದು ಫ್ಯಾನು.

ಹಿನ್ನೀರಿಗೆ ಸೇತುವೆ ಬಂತು.
ಮಾಲೀಕರು ಫೋನಿನಲ್ಲಿ ಹೇಳಿದ್ದು ಇಷ್ಟೇ:
"ಲಾಂಚಿಗೆ ಕಾಯೋದನ್ನ ತೆಗೆದುಬಿಡಿ ಮೇಡಂ."

ತೆಗೆಯಬೇಕಾದ್ದು ಹನ್ನೊಂದು ಸಾಲಿನ ಒಂದು ಮೆಥಡ್.
ಹೆಸರು, ಲಾಂಚ್‌ಕಾಯು.
ಬರೆದವನು ಮೆಲ್ವಿನ್, ಈಗ ಭದ್ರಾವತಿಯಲ್ಲಿ ಬೇಕರಿ ಇಟ್ಟಿದ್ದಾನೆ.
ನೆತ್ತಿಯ ಮೇಲೆ ಅವನದೇ ಟಿಪ್ಪಣಿ:
"ಇಪ್ಪತ್ತು ನಿಮಿಷ. ಗಾಳಿ ಇದ್ದರೆ ನಲವತ್ತು. ಮುಟ್ಟಬೇಡಿ."

ಮುಟ್ಟುವ ಮೊದಲು ಕೇಳಬೇಕು, ಇದನ್ನು ಕರೆಯುವವರು ಯಾರು?
ಅದಕ್ಕೊಂದು ಟೂಲ್ ಇದೆ. ಹೆಸರಿನ ಮೇಲೆ ಬೆರಳಿಟ್ಟರೆ ಸಾಕು,
ಎಪ್ಪತ್ತು ಸಾವಿರ ಸಾಲುಗಳನ್ನು ಸೋಸಿ ಬಾಣ ಎಳೆಯುತ್ತದೆ:
ಒಳಗೆ ಬರುವುದು ಕರೆದವರದು,
ಹೊರಗೆ ಹೋಗುವುದು ಇದು ಕರೆದದ್ದು.

ಹದಿನಾಲ್ಕು ಬಾಣ ಒಳಗೆ ಬಂದವು.

ವೇಳಾಪಟ್ಟಿ ಕರೆಯುತ್ತದೆ, ಸರಿ.
ಡ್ರೈವರನ ಓವರ್‌ಟೈಮ್ ಕರೆಯುತ್ತದೆ, ಅದೂ ಸರಿ.
ಮೀನಿನ ಬುಟ್ಟಿಯ ಲಗೇಜು ಯಾಕೆ ಕರೆಯಬೇಕು?
ಹಿಂಬಾಲಿಸಿದೆ. ಬುಟ್ಟಿ ದಡದಲ್ಲಿ ಕಾದಷ್ಟು ಹೊತ್ತು
ಕರಗಿಹೋಗುವ ಐಸಿನ ತೂಕ ಕಳೆದು
ದರ ಹಾಕುತ್ತಿದ್ದ ಮೆಲ್ವಿನ್.
ಫರ್ಜಾನಾಳನ್ನು ಕರೆದು ತೋರಿಸಿದೆ.
ಇಬ್ಬರೂ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.

ಮೂರು ಬಾಣ ಬಂದಿದ್ದು ಸತ್ತವರ ಮನೆಯಿಂದ:
ಇವರು ಕರೆಯುತ್ತಾರೆ, ಇವರನ್ನು ಯಾರೂ ಕರೆಯುವುದಿಲ್ಲ.
ಇನ್ನೆರಡು ಒಂದನ್ನೊಂದು ಕರೆದುಕೊಳ್ಳುತ್ತ ಸುತ್ತುತ್ತಿದ್ದವು
ಬಾವಿಕಟ್ಟೆಯ ಸುತ್ತ ಮುಟ್ಟಾಟದ ಮಕ್ಕಳ ಹಾಗೆ;
ಮೊದಲು ಯಾರು ಮುಟ್ಟಿದ್ದೆಂದು ಟೂಲಿಗೂ ಗೊತ್ತಿಲ್ಲ.

ದೋಣಿ ಆಚೆ ದಡದಲ್ಲಿದ್ದರೆ, ದೊಡ್ಡಮ್ಮ ಹೇಳುತ್ತಿದ್ದರು,
ಕೈ ಬಾಯಿಗಿಟ್ಟು "ಕೂ" ಹಾಕುವುದು.
ಆಚೆಯಿಂದಲೂ "ಕೂ" ಬಂತೆಂದರೆ ಅಂಬಿಗ ಎದ್ದ ಎಂದರ್ಥ.
ಯಾವುದು ಅಂಬಿಗನ ಕೂ, ಯಾವುದು ಗುಡ್ಡ ತಿರುಗಿ ಕೊಟ್ಟದ್ದು
ಕಿವಿ ಪಳಗಿದವರಿಗೆ ಮಾತ್ರ ತಿಳಿಯುತ್ತಿತ್ತಂತೆ.

ಜಡೆಯ ಸಿಕ್ಕು ಬಿಡಿಸುವ ಹಾಗೆ
ತುದಿಯಿಂದ ಶುರುಮಾಡಿ ಒಂದೊಂದೇ ಬಾಣ ಬಿಡಿಸಿದೆ.
ಹದಿನಾಲ್ಕು, ಒಂಬತ್ತು, ನಾಲ್ಕು, ಒಂದು.
ಟೂಲ್ ಹೇಳಿತು: ಕರೆಯುವವರು ಸೊನ್ನೆ.
ಅಳಿಸಿದೆ. ಪರೀಕ್ಷೆಗಳೆಲ್ಲ ಹಸಿರು.
ಸಂಜೆ ಬಜ್ಜಿ ತರಿಸಿದೆವು.

ಬುಧವಾರ ಬೆಳಿಗ್ಗೆ ಆರೂ ಮುಕ್ಕಾಲಿಗೆ ಕಂಡಕ್ಟರ್ ಗುತ್ಯಪ್ಪ:
"ಮೇಡಂ, ಸೇತುವೆ ಹತ್ತೋ ಮುಂಚೆ ಮಿಷನ್ ಸುಮ್ಮನಾಗಿದೆ.
ಬಟನ್ ಒತ್ತಿದ್ರೂ ಏನೂ ಅನ್ನಲ್ಲ.
ಹಳೇ ಬುಕ್ಕಲ್ಲಿ ಹರಿದು ಕೊಡ್ತಿದೀನಿ,
ಕಾರ್ಬನ್ ಇಲ್ಲ."

ಬುಧವಾರ ಮಾತ್ರ. ಆಚೆ ದಡದ ಸಂತೆ.
ಕೋಡಿನಲ್ಲಿ ಆ ಕರೆ ಇರಲೇ ಇಲ್ಲ.
ವಾರದ ವಿಶೇಷಗಳ ಕೋಷ್ಟಕದ ನಾಲ್ಕನೇ ಸಾಲಿನಲ್ಲಿ
ಬರೀ ಅಕ್ಷರಗಳಾಗಿ ಮಲಗಿತ್ತು ಆ ಹೆಸರು,
ಬುಧವಾರ ಎದ್ದು ಮೈಮುರಿದು ಕೂಗುವುದಕ್ಕೆ.
ಕೋಷ್ಟಕ ಟೂಲಿನ ಸೀಮೆಯಲ್ಲ. ಅದರ ತಪ್ಪೇನೂ ಇಲ್ಲ.

ಮೆಲ್ವಿನ್‌ಗೆ ಫೋನು ಮಾಡಿದೆ. ಹಿಂದೆ ತಟ್ಟೆಗಳ ಸದ್ದು.
"ಹೌದಲ್ಲ" ಅಂದ, "ಸಂತೆ ದಿನ ಎರಡನೇ ಲಾಂಚ್ ಬಿಡ್ತಿದ್ರು.
ರಾತ್ರಿ ಹೇಳಿದ್ರು, ಬೆಳಿಗ್ಗೆಗೆ ಬೇಕಿತ್ತು."
ಆಮೇಲೆ ಕೇಳಿದ, "ಸೇತುವೆ ಹೇಗಿದೆ?"
ನಾನಿನ್ನೂ ನೋಡಿಲ್ಲ ಅಂದೆ.

ಏಳೂ ಕಾಲಿಗೆ ಮೆಥಡ್ಡನ್ನು ವಾಪಸ್ಸು ತಂದೆ.
ಹನ್ನೊಂದು ಸಾಲಲ್ಲ, ಒಂದೇ:
ಸೊನ್ನೆ ನಿಮಿಷ ಎಂದು ಹೇಳಿ ಹಿಂದಿರುಗು.
ಟಿಪ್ಪಣಿಗೆ ಏನು ಬರೆಯಲಿ ಎಂದು ಯೋಚಿಸಿ
ಮೆಲ್ವಿನ್‌ನ ಕೊನೆಯ ಪದವನ್ನೇ ಉಳಿಸಿದೆ.

ಈಗ ಟೂಲ್ ಅದಕ್ಕೆ ಒಂದು ಬಾಣವನ್ನೂ ಎಳೆಯುವುದಿಲ್ಲ,
ಬೂದಿ ಬಣ್ಣ ಬಳಿದು "ಬಳಕೆಯಲ್ಲಿಲ್ಲ" ಎನ್ನುತ್ತದೆ.
ಬುಧವಾರ ಮೀನಿನ ಬುಟ್ಟಿ ಮೇಲೇರುವ ಹೊತ್ತಿಗೆ
ಕೋಷ್ಟಕದಿಂದ ಯಾರೋ ಕೂ ಎನ್ನುತ್ತಾರೆ.
ಇದು ಕೂ ಎನ್ನುತ್ತದೆ.
ಟಿಕೆಟ್ಟು ಬರುತ್ತದೆ.