ಕಲಿಸತಕ್ಕದ್ದು

ಜೇನ್ಸ್‌ವಿಲ್, ಒಹಾಯೊ. ಫೆಬ್ರವರಿ.
ರಸ್ತೆಯ ಹಿಮಕ್ಕೆ ಎರಚಿದ ಉಪ್ಪೆಲ್ಲ
ಮಕ್ಕಳ ಬೂಟಿಗಂಟಿ ಒಳಗೆ ಬಂದಿತ್ತು.
ನಾನು ಎರಡನೇ ತರಗತಿಯ ಸಹಾಯಕಿ:
ಪೆನ್ಸಿಲು ಚೂಪು ಮಾಡುವವಳು, ಮೂಗು ಒರೆಸುವವಳು,
ಹಿಂದಿನ ಸಾಲಿನ ಪುಟ್ಟ ಕುರ್ಚಿಯಲ್ಲಿ
ಮಂಡಿ ಗಲ್ಲಕ್ಕೆ ತಾಗುವಂತೆ ಕೂರುವವಳು.

ಅವತ್ತು ಕಾನೂನು ತರಗತಿಗೆ ಬಂತು.
ಅದರ ಹೆಸರು ಮಿಸ್ ರೆನ್‌ಫ್ರೊ.
ಕೈಯಲ್ಲಿ ಬಟ್ಟೆಯ ಗೊಂಬೆ, ಹೆಗಲಿಗೆ ಕಾಫಿ ಕಲೆಯ ಚೀಲ,
ಜೊತೆಗೆ ಭಾರೀ ನೆಗಡಿ.

ಪ್ರತಿ ವರ್ಷ, ವಯಸ್ಸಿಗೆ ತಕ್ಕಂತೆ,
ಪ್ರತಿಯೊಂದು ಸರ್ಕಾರಿ ಶಾಲೆಯಲ್ಲೂ...
ನಮ್ಮ ಗೆಜೆಟ್ಟಿನ ಕನ್ನಡದಲ್ಲಾಗಿದ್ದರೆ
‘ಕಲಿಸತಕ್ಕದ್ದು’ ಎಂದು ಮೀಸೆ ತಿರುವಿ
ಮುಗಿಯುತ್ತಿತ್ತು ಆ ವಾಕ್ಯ.

ಆ ಒಂದು ಕ್ರಿಯಾಪದಕ್ಕೆ ಎಷ್ಟು ವರ್ಷ!
ಊಟದ ಹೊತ್ತಿಗೆ ರೆನ್‌ಫ್ರೊ ಹೇಳಿದ್ದಳು:
ಕೊಲಂಬಸ್ಸಿನ ಸಭಾಕೊಠಡಿ. ಒಬ್ಬರಿಗೆ ಮೂರು ನಿಮಿಷ.
ಹಸಿರು ದೀಪ, ಹಳದಿ ದೀಪ, ಕೆಂಪು ದೀಪ.
‘ಇಂಥದ್ದೆಲ್ಲ ಶಾಲೆಯಲ್ಲೇಕೆ? ಮನೆಯಲ್ಲೇ ಕಲಿಯಲಿ’
ಅಂದರಂತೆ ಮೇಲೆ ಕೂತವರೊಬ್ಬರು.
‘ಮನೆಯಲ್ಲೇ’ ಎಂದಳಂತೆ ಸಾಕ್ಷಿ ಹೇಳಲು ಬಂದ ಹೆಂಗಸು.
ಮೈಕಿಗೆ ಬಗ್ಗಿ ಇನ್ನೊಮ್ಮೆ: ‘ಮನೆಯಲ್ಲೇ, ಸರ್.’
ಮಿಕ್ಕ ನಿಮಿಷವಷ್ಟೂ ಸುಮ್ಮನೆ ನಿಂತಳಂತೆ
ಕೆಂಪು ಹತ್ತುವ ತನಕ.

ಗೊಂಬೆಯ ಮೈ ತೋರಿಸಿ ಹೆಸರು ಹೇಳಿದಳು ರೆನ್‌ಫ್ರೊ:
ಮೊಣಕೈ. ಹಿಮ್ಮಡಿ. ಆಮೇಲೆ
ಅದೇ ದನಿಯಲ್ಲಿ, ಅದೇ ನೆಗಡಿಯಲ್ಲಿ,
ಈಜುಡುಗೆ ಮುಚ್ಚುವ ಜಾಗಗಳ ನಿಜವಾದ ಹೆಸರು.
ಇಬ್ಬರು ಕಿಸಕ್ಕೆಂದರು. ಎಜ್ರಾ ಮೇಜಿನ ಕೆಳಗಿಳಿದು ಮತ್ತೆ ಮೇಲೆ ಬಂದ.
ಅಷ್ಟೇ. ಸೂರು ಬೀಳಲಿಲ್ಲ.

ಹೀಚು, ಮಿಡಿ, ಕಾಯಿ, ದೋರೆಗಾಯಿ, ಹಣ್ಣು:
ಒಂದು ಮಾವಿಗೆ ಐದು ಹೆಸರಿಟ್ಟ ಭಾಷೆ ನನ್ನದು.
ನನ್ನ ಮೈಗೆ ಮಾತ್ರ ‘ಅಲ್ಲಿ’ ಅಂದಿತು.
‘ಛೀ’ ಅಂದಿತು.
ನೆಂಟರು ಬಂದರೆ ಬೆನ್ನ ಮೇಲೆ ಕೈಯಿಟ್ಟು ನೂಕುತ್ತಿದ್ದರು:
ಹೋಗು, ಕರೀತಿದಾರೆ, ದೊಡ್ಡವರಿಗೆ ಇಲ್ಲ ಅನ್ನಬಾರದು.
ಅಲ್ಲಿ, ಎಂದೆ ಒಂದು ಸಲ.
ಎಲ್ಲಿ, ಎಂದು ಯಾರೂ ಕೇಳಲಿಲ್ಲ.

‘ಹುಟ್ಟುಹಬ್ಬದ ಕೇಕು ಗುಟ್ಟಲ್ಲ, ಅದಕ್ಕೊಂದು ತಾರೀಖಿದೆ.
ತಾರೀಖಿಲ್ಲದ ಗುಟ್ಟು ಯಾರಾದರೂ ಕೊಟ್ಟರೆ
ಇಟ್ಟುಕೊಳ್ಳಬೇಡಿ. ಒಬ್ಬರು ಕೇಳದಿದ್ದರೆ ಇನ್ನೊಬ್ಬರಿಗೆ ಹೇಳಿ.
ಅವರೂ ಕೇಳದಿದ್ದರೆ ಮತ್ತೊಬ್ಬರಿಗೆ.’
ಇಪ್ಪತ್ತೆರಡು ಅಂಗೈಗಳು ಮುಂದೆ ಚಾಚಿದವು.
‘ನೋ!’ ಕಿಟಕಿಯ ಗಾಜು ಜುಮ್ಮೆಂದಿತು.

ನನಗೆ ನೆನಪಾಯಿತು: ಒಲ್ಲೆ.
‘ನಾನು’ ಎಂದು ಬೇರೆ ಹೇಳಬೇಕಿಲ್ಲ ಅದಕ್ಕೆ.
ಮಾತಿನ ಬಾಲದಲ್ಲೇ, ಆ ಎತ್ವದ ಸಣ್ಣ ಕುಡಿಯಲ್ಲೇ
ನಾನು ನಿಂತಿರುತ್ತೇನೆ.
ಮನೆಮನೆಯಲ್ಲೂ ಇತ್ತಲ್ಲ ಈ ಪದ,
ಹೆಚ್ಚಿಗೆ ಅನ್ನ ಬಡಿಸಿದಾಗ ಮಾತ್ರ ಬಳಸಿದೆವು.
ಐವತ್ತೊಂದನೇ ವಯಸ್ಸಿನಲ್ಲಿ, ಹಿಂದಿನ ಸಾಲಿನಲ್ಲಿ,
ತುಟಿಯೊಳಗೇ ಅಂದು ನೋಡಿದೆ.
ನಾಲಿಗೆ ಮರೆತಿರಲಿಲ್ಲ.

ಬೇಡವೆಂದು ಮನೆಯಿಂದ ಚೀಟಿ ತಂದ ಹುಡುಗಿಯೊಬ್ಬಳು
ಆ ಹೊತ್ತು ಲೈಬ್ರರಿಯಲ್ಲಿ ಡೈನೋಸಾರಿಗೆ ಬಣ್ಣ ಹಚ್ಚುತ್ತಿದ್ದಳು.
ಅದಕ್ಕೂ ಕಾನೂನಿನಲ್ಲಿ ಜಾಗವಿದೆ.
ಹಸಿರು ಬಣ್ಣ. ಗೆರೆಯಾಚೆ ಒಂದಿಷ್ಟೂ ಹೋಗಿರಲಿಲ್ಲ.
ಅವಳ ಬಗ್ಗೆ ನನಗೇನೂ ಗೊತ್ತಿಲ್ಲ.

ಗಂಟೆ ಹೊಡೆಯಿತು. ಎಲ್ಲರೂ ಕೋಟು ಹುಡುಕಿಕೊಂಡು ಓಡಿದರು.
ಒಂದು ಮಗು ನಿಂತಿತು.
‘ಲೇಸು ಬಿಚ್ಚಿಹೋಗಿದೆ, ಕಟ್ಟಿಕೊಡಿ.’
ಬಗ್ಗಿ ನೋಡಿದೆ. ಶೂಗೆ ಲೇಸೇ ಇಲ್ಲ,
ಪರ್ರೆಂದು ಕೀಳುವ ವೆಲ್ಕ್ರೋ ಪಟ್ಟಿ.

ಉಪ್ಪಿನ ನೆಲದ ಮೇಲೆ ಮಂಡಿಯೂರಿದೆ.
ಇಲ್ಲದ ಲೇಸನ್ನು ಕಟ್ಟತೊಡಗಿದೆ,
ಒಂದು ಕುಣಿಕೆ, ಇನ್ನೊಂದು ಕುಣಿಕೆ, ನಿಧಾನ,
ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು.

ಆ ಮಗುವಿನ ಹೆಸರು ಇಲ್ಲಿ ಬರೆಯುವುದಿಲ್ಲ.
ಬರೆಯಬೇಕಾದ ಕಡೆ, ಅವತ್ತೇ, ಮೂರು ಗಂಟೆಯೊಳಗೆ,
ಅಕ್ಷರ ತಪ್ಪದೆ ಬರೆದಿದ್ದೇನೆ.